ಕುಂಕುಮ ಹಚ್ಚಿದ ಫ್ಲಾಪಿಗಳು

ಸತ್ಯಮೂರ್ತಿಯವರಿಗೆ ಕಂಪ್ಯೂಟರ್ ಗೊತ್ತು ಎಂದು ಮೊಟ್ಟಮೊದಲು ಹೇಳಿದ ಪುಣ್ಯಾತ್ಮ ಯಾರೋ, ಅವನನ್ನು ಹುಡುಕಿ ಹಿಡಿದು ನಾಲ್ಕು ಮಾತು ಕೇಳಬೇಕು. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅವರು ಹಿರಿಯ ಅಧಿಕಾರಿ. ಆ ಕಚೇರಿಗೆ ಕಂಪ್ಯೂಟರ್ ಬಂದಾಗ ಅದನ್ನಿಟ್ಟ ಏರ್‌ಕಂಡಿಷನ್ ಕೋಣೆಯ ಬೀಗದಕೈ ಅವರ ವಶಕ್ಕೆ ಬಂತು, ಅಷ್ಟೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ, ತಣ್ಣಗೆ ಕೂತು, ಪೇಪರ್ ಓದಿ ಬರುತ್ತಿದ್ದರು. ಆದರೆ ಅವರಿದ್ದ ಆಂಟಾಪ್ ಹಿಲ್ಲಿನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಹೆಸರು ಬರುವುದಕ್ಕೆ ಅಷ್ಟು ಸಾಲದೆ? ವರ್ಷ ತುಂಬುವುದರೊಳಗೆ ಅವರು ಕಂಪ್ಯೂಟರ್ ಸತ್ಯಮೂರ್ತಿ ಆಗಿದ್ದರು. ಅವರೂ ಬೇಡವೆನ್ನಲಿಲ್ಲ.

ಹಾಗಾಗಿ ಸಯನ್ನಿನ ಕನ್ನಡ ಬಾಂಧವ ಸಮಾಜಕ್ಕೆ ಒಂದು ಕಂಪ್ಯೂಟರ್ ದಾನವಾಗಿ ಬಂದಾಗ ಅದನ್ನು ಯಾರ ತಲೆಗೆ ಕಟ್ಟಬೇಕೆಂದು ಚರ್ಚೆಯೇ ಆಗಲಿಲ್ಲ. ಕೊಟ್ಟವರು ಖಜಾಂಚಿ ರಮಾನಾಥ ಶೆಟ್ಟರು, ಘಾಟ್ಕೋಪರಿನಲ್ಲಿ ಎರಡು ಹೋಟೆಲಿನ ಮಾಲೀಕರು. ಬಿಲ್ಲು ಮಾಡಲೆಂದು ತಂದಿದ್ದ ಯಂತ್ರ ಒಂದು ಮಸಾಲೆ ದೋಸೆಯ ಬಿಲ್ ಹೊರಗೆ ಹಾಕುವುದರೊಳಗೆ ಗಿರಾಕಿ ಎರಡನೆಯದನ್ನೂ ತಿಂದು ಮುಗಿಸುತ್ತಿದ್ದುದರಿಂದ ಅವರಿಗೆ ದಾನಬುದ್ಧಿ ಬಂದಿತ್ತು. ಸಮಾಜದಲ್ಲಿ ಅದಕ್ಕೆ ಕೆಲಸವೂ ಸಿದ್ಧವಿತ್ತು: ವಧೂವರರ ಕೇಂದ್ರ. ಕರಾವಳಿಯವರು, ಮೈಸೂರಿನವರು, ಧಾರವಾಡದವರು, ಎಲ್ಲರ ಮನೆಯ ಮದುವೆಯಾಗದ ಮಕ್ಕಳೂ ಅದರ ಹೊಟ್ಟೆಯೊಳಗೆ ಸೇರಬೇಕು. ಗೋತ್ರ, ನಕ್ಷತ್ರ, ಸಂಬಳ ಹೊಂದಿಸಿ ಅದು ಕಾಗದ ಕಕ್ಕಬೇಕು. ಸತ್ಯಮೂರ್ತಿ ಶುಭಾರಂಭಕ್ಕೆಂದು ಮೊದಲು ಒಳಗೆ ಹಾಕಿದ್ದು ತಮ್ಮ ಒಬ್ಬಳೇ ಮಗಳು ವಿನೋದಿನಿಯನ್ನು. ಅವಳನ್ನು ಒಂದು ಮಾತು ಕೇಳಲಿಲ್ಲ.

ಬ್ಯಾಕಪ್ ಎಂಬ ಮಾತು ಕಾರ್ಯಕಾರಿ ಸಮಿತಿಯ ಕಿವಿಗೆ ಬಿದ್ದದ್ದು ತೊಂಬತ್ತೊಂದರ ಮಳೆಗಾಲದಲ್ಲಿ. ಒಂದು ದಿನ ಕಂಪ್ಯೂಟರ್ ಬೆಳಗಿನಿಂದ ಸಂಜೆಯವರೆಗೆ ಕಣ್ಣೇ ಬಿಡಲಿಲ್ಲ. ಮರುದಿನ ತಾನಾಗಿ ಎದ್ದಿತಾದರೂ ಸಮಿತಿಯವರ ಎದೆ ಒಡೆದುಹೋಗಿತ್ತು. ಲ್ಯಾಮಿಂಗ್ಟನ್ ರೋಡಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಹುಬ್ಬಳ್ಳಿಯ ಮುರಿಗೆಪ್ಪನನ್ನು ಕರೆಸಿದರು. ಅವನು ಚಹಾ ಕುಡಿದು ಪಾಪ, ಬಿಡಿಸಿ ಬಿಡಿಸಿ ಹೇಳಿದ.

"ಎರಡು ದಾರಿ ಅದಾವ್ರಿ ಸಾಹೇಬ್ರ. ಒಂದು, ಡಾಸ್ ಜೋಡಿನ ಪುಕ್ಕಟೆ ಬರತೈತಿ. ಹೊಸದಾಗಿ ಏನು ಬದಲಾಗೇತಿ ಅಷ್ಟು ಫೈಲ್ ಆರಿಸಿ ಫ್ಲಾಪಿಗೆ ಹಾಕತೈತಿ. ದಿನಾ ಸ್ವಲ್ಪ ಹೊತ್ತಿನ ಕೆಲಸ. ಇನ್ನೊಂದು, ಇಮೇಜ್ ಅಂತ ಬರತೈತ್ರಿ. ಇಡೀ ಡಿಸ್ಕಿನ ಫೋಟೋ ಹೊಡದಂಗ. ಒಂದು ಚುಕ್ಕಿ ಬಿಡೂದಿಲ್ಲ. ಡಿಸ್ಕ್ ಸತ್ರ ಅಂಥಾದ್ದ ಇನ್ನೊಂದು ತಂದು ಹಾಕಿ, ಫ್ಲಾಪಿ ಒಂದೊಂದ ತುರುಕಿದ್ರ ಹೆಂಗಿತ್ತೋ ಹಂಗ ಎದ್ದು ಕುಂದರತೈತಿ. ಆದ್ರ ಪ್ರತಿ ಸಲ ಎಲ್ಲಾ ಫ್ಲಾಪಿ ಮೊದಲಿಂದ ತುಂಬಬೇಕ್ರಿ. ಅರ್ಧ ದಿನ ಕೂತು ಬದಲಿಸಬೇಕು."

ಸಮಿತಿ ಗಹನವಾಗಿ ಯೋಚಿಸಿತು. ಅಧ್ಯಕ್ಷ ಶಾಮಣ್ಣನವರು, ಮೈಸೂರಿನ ಕಡೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು, ಕೇಳಿದ ಮೊದಲ ಪ್ರಶ್ನೆ: "ಯಾವುದರ ಜತೆ ದೊಡ್ಡ ಪುಸ್ತಕ ಬರುತ್ತೆ?"

ಇಮೇಜಿನ ಜತೆ ಬರುತ್ತಿತ್ತು. ತಲೆದಿಂಬಿನಷ್ಟು ದಪ್ಪ, ಬಣ್ಣದ ಡಬ್ಬಿಯಲ್ಲಿ. ಪುಕ್ಕಟೆಯದಕ್ಕೆ ಡಬ್ಬಿಯೇ ಇರಲಿಲ್ಲ.

"ಚೂರುಪಾರು ಆರಿಸಿ ತೆಗೆಯೋದು ಕಿರಾಣಿ ಅಂಗಡಿಗೆ ಸರಿ," ಎಂದರು ಸತ್ಯಮೂರ್ತಿ, ಆಗಷ್ಟೇ ಕೇಳಿದ ವಿಷಯವನ್ನು ಹುಟ್ಟಿನಿಂದ ಬಲ್ಲವರ ಧಾಟಿಯಲ್ಲಿ. "ಸಮಾಜ ಅಂದಮೇಲೆ ಇಡೀ ಡಿಸ್ಕು ತೆಗೀಬೇಕು. ಟೆಕ್ನಿಕಲೀ ಅದೇ ಕರೆಕ್ಟು."

"ಪುಕ್ಕಟೆಯದ್ದು ಉಂಟು ಅಂತಾನಲ್ಲ ಮಾರಾಯ್ರೆ, ಅದು ಎಂತಕ್ಕೆ ಬೇಡ?" ಎಂದರು ರಮಾನಾಥ. ಟೆಕ್ನಿಕಲೀ ಎಂಬ ಮಾತಿನ ಮೇಲೆ ಇನ್ನೊಂದು ಮಾತು ಆಡುವ ಧೈರ್ಯ ಆ ಸಭೆಯಲ್ಲಿ ಯಾರಿಗಿತ್ತು?

ಮುರಿಗೆಪ್ಪ ಹೊರಡುವಾಗ ಬಾಗಿಲಲ್ಲಿ ನಿಂತು ಮತ್ತೊಮ್ಮೆ ಹೇಳಿದ. "ವಾರಕ್ಕೊಮ್ಮೆ ಹೊಸ ಫೋಟೋ ತಗೀರಿ ಸಾಹೇಬ್ರ. ಇಲ್ಲಾಂದ್ರ ಎದ್ದು ಕೂತಾಗ ಹಳೇ ಮುಖಾನ ಬರತೈತಿ."

"ಮದುವೆ ಫೋಟೋನ ವಾರ ವಾರ ತೆಗೆಸ್ತಾರೇನ್ರೀ?" ಎಂದು ಸತ್ಯಮೂರ್ತಿ ನಕ್ಕರು. ಸಮಿತಿಯೂ ನಕ್ಕಿತು. ನಗಿಸಿದ್ದು ತಾವೇ ಎಂದು ಅವರಿಗೆ ಎಷ್ಟು ಖುಷಿಯಾಯಿತೆಂದರೆ ಆ ಮಾತನ್ನು ಮನೆಯಲ್ಲಿ ಹೆಂಡತಿ ಪುಟ್ಟಲಕ್ಷ್ಮಿಗೂ ಹೇಳಿದರು. ಅವಳು ನಗಲಿಲ್ಲ.

ನವರಾತ್ರಿ ಬಂತು. ಆಯುಧಪೂಜೆಗೆ ಮೊದಲು ಇಮೇಜ್ ತೆಗೆಯಬೇಕೆಂದು ನಿರ್ಣಯವಾಯಿತು. ಸತ್ಯಮೂರ್ತಿ ರಜೆ ಹಾಕಿ ಕೂತರು. ಯಂತ್ರ ಮುಂದಿನ ಫ್ಲಾಪಿ ಕೇಳುವುದು, ಇವರು ಕೊಡುವುದು. ಮಗುವಿಗೆ ತುತ್ತು ಇಟ್ಟಂತೆ ಮಧ್ಯಾಹ್ನವೆಲ್ಲ ನಡೆಯಿತು. ಮರುದಿನ ಸಮಾಜದ ಹಾಲಿನಲ್ಲಿ ಫ್ಲಾಪಿಗಳನ್ನೆಲ್ಲ ಬಾಳೆ ಎಲೆಯ ಮೇಲೆ ಸಾಲಾಗಿ ಜೋಡಿಸಿ, ಪ್ರತಿಯೊಂದರ ಲಕೋಟೆಗೂ ಗಂಧ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿದರು. ಕಂಪ್ಯೂಟರಿಗೆ ಚೆಂಡುಹೂವಿನ ಹಾರ. ಕೀಬೋರ್ಡಿನ ಮೇಲೆ ಅಕ್ಷತೆ ಬಿದ್ದು 'ಕ್ಯೂ' ಗುಂಡಿ ಅವತ್ತಿನಿಂದ ಒತ್ತಿದರೆ ಏಳುತ್ತಿರಲಿಲ್ಲ, ಆದರೆ ಕ್ಯೂನಿಂದ ಶುರುವಾಗುವ ಕನ್ನಡಿಗರು ಯಾರೂ ಇಲ್ಲವೆಂದು ಬಿಟ್ಟರು.

ಎಡವಟ್ಟಾದದ್ದು ಪೂಜೆಯಾದ ಮೇಲೆ. ಮುಂದಿನ ತಿಂಗಳು ಹೊಸ ಇಮೇಜ್ ತೆಗೆಯುವ ಮಾತು ಬಂದಾಗ ಶಾಮಣ್ಣನವರು ಕೈ ಅಡ್ಡ ಹಿಡಿದರು. "ಛೆ ಛೆ, ಪೂಜೆ ಆಗಿರೋದರ ಮೇಲೆ ಅಳಿಸಿ ಬರೀತೀರೇನ್ರೀ? ದೇವರ ಹತ್ತಿರ ಇರಲಿ ಬಿಡಿ." ಫ್ಲಾಪಿಗಳು ಗಣಪತಿಯ ವಿಗ್ರಹದ ಹಿಂದೆ, ಗಾಜಿನ ಬೀರುವಿನಲ್ಲಿ ಪ್ರತಿಷ್ಠಾಪನೆಯಾದವು. ಇನ್ನೊಂದು ಸೆಟ್ ಕೊಳ್ಳೋಣವೆಂದರೆ ರಮಾನಾಥ, "ಒಂದು ಸಲ ತೆಗೆದಾಯ್ತಲ್ಲ, ಇನ್ನೆಂತ?" ಎಂದರು. ಸತ್ಯಮೂರ್ತಿ ಗಟ್ಟಿಯಾಗಿ ಎರಡು ಮಾತಾಡಿದ್ದರೆ ಹೊಸ ಸೆಟ್ಟೂ ಬರುತ್ತಿತ್ತು, ಹೊಸ ಇಮೇಜೂ ಆಗುತ್ತಿತ್ತು. ಆಡಲಿಲ್ಲ. ಅರ್ಧ ದಿನ ಕೂತು ಯಂತ್ರದ ಬಾಯಿಗೆ ಫ್ಲಾಪಿ ಕೊಡುವ ಕೆಲಸ ತಪ್ಪಿತಲ್ಲ ಎಂದು ಒಳಗೊಳಗೇ ಹಾಯೆನಿಸಿತ್ತು, ಜತೆಗೆ ತಪ್ಪು ದೇವರ ಲೆಕ್ಕಕ್ಕೆ ಹೋಗುತ್ತಿತ್ತು.

ಇತ್ತ ಮನೆಯಲ್ಲಿ, ಫೆಬ್ರವರಿಯ ಒಂದು ಸಂಜೆ ವಿನೋದಿನಿ ಲೋಕಲ್ ಇಳಿದು ಬಂದವಳು ಚಪ್ಪಲಿ ಬಿಡುತ್ತಲೇ ಹೇಳಿದಳು. ಅವಳು ಫೋರ್ಟಿನ ಒಂದು ಇನ್ಶೂರೆನ್ಸ್ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಮಿಲಿಂದ ಪಾಟ್ಕರ್ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಮರಾಠಿ. ಮನೆ ಘಾಟ್ಕೋಪರು. ಅಪ್ಪ ಇಲ್ಲ, ಅಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು.

ಮೂರು ವಾರ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಕೊನೆಗೆ ಸತ್ಯಮೂರ್ತಿ ಒಪ್ಪಿದರು. ಕೆಟ್ಟ ಮನುಷ್ಯರೇನಲ್ಲ, ಮಗಳೆಂದರೆ ಪ್ರಾಣ. ಆದರೆ ಆಗ ಷರತ್ತು ಬಂದದ್ದು ಆ ಕಡೆಯಿಂದ. ಮಿಲಿಂದನ ತಾಯಿ ಪಾಟ್ಕರ್ ಬಾಯಿಯ ಹಿರಿಯ ಮಗನಿಗೆ ಹಿಂದೊಮ್ಮೆ ಬೇರೆ ಜಾತಿಯ ಹುಡುಗಿಯೊಂದಿಗೆ ನಿಶ್ಚಯವಾಗಿತ್ತು. ಹುಡುಗಿಯ ಅಪ್ಪ ಈ ಕಡೆ ಪೇಢೆ ತಿನ್ನುತ್ತ ಆ ಕಡೆ ತನ್ನವರಲ್ಲೇ ಗಂಡು ಹುಡುಕುತ್ತಿದ್ದ, ಸಿಕ್ಕ ಕೂಡಲೇ ಕೈ ಎತ್ತಿದ. ಆ ಹುಡುಗ ಇವತ್ತಿಗೂ ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಾನೆ. "ಜಾತಿ ನನಗೆ ಬೇಡ, ವರದಕ್ಷಿಣೆ ಬೇಡ. ಮಾತು ಒಂದೇ ಇರಬೇಕು. ಎರಡು ಕಡೆ ನೋಡುತ್ತಿದ್ದೀರಿ ಅಂತ ಗೊತ್ತಾದರೆ ಅವತ್ತೇ ಮುಗಿಯಿತು," ಎಂದು ಪಾಟ್ಕರ್ ಬಾಯಿ ಹಿಂದಿಯಲ್ಲಿ ಹೇಳಿ ಕಳಿಸಿದ್ದರು.

ವಿನೋದಿನಿಗೆ ಆಗಲೇ ತಿಳಿದದ್ದು ತಾನು ಸಮಾಜದ ಕಂಪ್ಯೂಟರಿನಲ್ಲಿ ಇದ್ದೇನೆಂದು. "ಅಪ್ಪ! ಆಪ್‌ನೇ ಪೂಛಾ ಭೀ ನಹೀ? ನನ್ನನ್ನ ಒಂದ್ ಮಾತು ಕೇಳ್ಬಾರ್ದಾ? ಈಗಲೇ ನಡೀರಿ," ಎಂದು ಅವರನ್ನು ಬಸ್ ಹತ್ತಿಸಿ ಸಯನ್ನಿಗೆ ಎಳೆದುಕೊಂಡು ಹೋದಳು. ಅವಳ ಕಣ್ಣೆದುರು ಸತ್ಯಮೂರ್ತಿ ಅವಳ ಹೆಸರು ತೆಗೆದರು. ಪರದೆ ಖಾಲಿಯಾಯಿತು. "ಹೋಯ್ತಾ? ಪಕ್ಕಾ?" ಎಂದಳು. "ಕಂಪ್ಯೂಟರಿನಲ್ಲಿ ಒಂದು ಸಲ ತೆಗೆದರೆ ತೆಗೆದ ಹಾಗೆ," ಎಂದರು ತಜ್ಞರು. ಮರುದಿನ ಘಾಟ್ಕೋಪರಿಗೆ ಹೋಗಿ ಪಾಟ್ಕರ್ ಬಾಯಿಗೆ ಮಾತು ಕೊಟ್ಟು ಬಂದರು.

ಗಣಪತಿಯ ಹಿಂದಿನ ಫ್ಲಾಪಿಗಳು ಯಾರ ನೆನಪಿಗೂ ಬರಲಿಲ್ಲ.

ಜುಲೈಯಲ್ಲಿ, ಆಷಾಢದ ಮಳೆಯ ನಡುವೆ, ಡಿಸ್ಕ್ ಟಕಟಕ ಎಂದು ಸದ್ದು ಮಾಡಿ ಸತ್ತಿತು. ಈ ಸಲ ಮರುದಿನ ಏಳಲಿಲ್ಲ. ಸಮಾಜದಲ್ಲಿ ಸೂತಕದ ಕಳೆ. ಸತ್ಯಮೂರ್ತಿಗೆ ಮಾತ್ರ, ಹೇಳಬಾರದು, ಹಬ್ಬವೇ. ಮುರಿಗೆಪ್ಪ ಲ್ಯಾಮಿಂಗ್ಟನ್ ರೋಡೆಲ್ಲ ಅಲೆದು ಅದೇ ಜಾತಿಯ ಡಿಸ್ಕನ್ನು ಹುಡುಕಿ ತಂದು ಹಾಕಿದ. ಶಾಮಣ್ಣನವರು ಸ್ನಾನ ಮಾಡಿ ಬಂದು ಗಾಜಿನ ಬೀರು ತೆಗೆದು ಫ್ಲಾಪಿಗಳನ್ನು ತಟ್ಟೆಯಲ್ಲಿಟ್ಟು ಕೊಟ್ಟರು. ಅರ್ಧ ಸಮಾಜ ಸುತ್ತ ನಿಂತು ನೋಡುತ್ತಿರಲು ಸತ್ಯಮೂರ್ತಿ ಒಂದೊಂದಾಗಿ ತುರುಕಿದರು. ಕೊನೆಯದು ಹೋಯಿತು. ಯಂತ್ರ ನಿಲ್ಲಿಸಿ ಶುರುಮಾಡಿದರೆ, ಅಬ್ಬಾ! ಎಲ್ಲ ಇದ್ದ ಹಾಗೇ ಎದ್ದಿತು. ಚಪ್ಪಾಳೆ ಬಿತ್ತು. "ದೈವಬಲ!" ಎಂದರು ಶಾಮಣ್ಣ. "ಟೆಕ್ನಿಕಲೀ," ಎಂದು ತಿದ್ದಿದರು ಸತ್ಯಮೂರ್ತಿ, "ಇಮೇಜಿನ ಬಲ."

ಮುರಿಗೆಪ್ಪ ಪಕ್ಕದಲ್ಲಿ ನಿಂತು, "ಇದು ಯಾವಾಗಿನ ಫೋಟೋರಿ ಸಾಹೇಬ್ರ?" ಎಂದು ಕೇಳಿದ. ಚಪ್ಪಾಳೆಯಲ್ಲಿ ಅದು ಕೇಳಿಸಿತೋ ಇಲ್ಲವೋ. ಸತ್ಯಮೂರ್ತಿಯ ಮಟ್ಟಿಗೆ ಹೇಳುವುದಾದರೆ, ಕೇಳಿಸಿತು.

ಮುಂದಿನ ಭಾನುವಾರ ಸನ್ಮಾನ. ಮೈಸೂರು ಪೇಟ, ಗಂಧದ ಹಾರ, ಜರಿ ಅಂಚಿನ ರೇಷ್ಮೆ ಶಾಲು. ಸಮಾಜದ ಒಂದು ಚುಕ್ಕಿಯೂ ಕಳೆಯದಂತೆ ಕಾಪಾಡಿದ ಮಹನೀಯರು ಎಂದು ಶಾಮಣ್ಣ ಮೈಕಿನಲ್ಲಿ ಕೂಗಿದರು. ಆ ಶಾಲನ್ನು ಸತ್ಯಮೂರ್ತಿ ಮನೆಗೆ ತಂದು ಷೋಕೇಸಿನಲ್ಲಿ ಇಟ್ಟರು, ಕಾಣುವ ಹಾಗೆ, ಟಿವಿಯ ಪಕ್ಕ. ಬಂದವರೆಲ್ಲ ನೋಡಲೇಬೇಕಿತ್ತು.

ಆಷಾಢ ಮುಗಿದು ಮದುವೆಯ ಮಾತುಕತೆ ಮತ್ತೆ ಶುರುವಾಗುವ ಹೊತ್ತಿಗೆ ವಧೂವರರ ಕೇಂದ್ರದಿಂದ ಎಲ್ಲ ಮನೆಗಳಿಗೂ ಹೊಂದುವ ಜೋಡಿಯ ಕಾಗದ ಹೋಗುವುದು ಪದ್ಧತಿ. ಈ ವರ್ಷ ಪುನರ್ಜನ್ಮ ಪಡೆದ ಯಂತ್ರ ಎರಡು ದಿನ ಕಿರ್ರೋ ಎಂದು ಪ್ರಿಂಟ್ ಹೊಡೆಯಿತು. ಸತ್ಯಮೂರ್ತಿ ಪೆನ್ನು ಹಿಡಿದು ಕೂತು, ಅಭಿನಂದಿಸಲು ಬಂದವರೊಂದಿಗೆ ಹರಟುತ್ತ, ಒಂದನ್ನೂ ಓದದೆ, ಅಷ್ಟಕ್ಕೂ ಸಹಿ ಹಾಕಿದರು. ಬಾಲ ಎಳೆದ ದೊಡ್ಡ ಸಹಿ.

ಮೂರನೆಯ ದಿನ ಸಮಾಜಕ್ಕೆ ಫೋನುಗಳು ಬರಲು ಶುರುವಾದವು. ಮುಲುಂಡಿನ ಒಬ್ಬರು, ತಮ್ಮ ಮಗಳಿಗೆ ಮೇ ತಿಂಗಳಲ್ಲೇ ಮದುವೆಯಾಯಿತಲ್ಲ, ನೀವೇ ಬಂದು ಹೋಳಿಗೆ ತಿಂದಿರಲ್ಲ ಎಂದರು. "ನೀವು ಬರೆದು ತಿಳಿಸಿಲ್ಲವೇನೋ," ಎಂದರು ಸತ್ಯಮೂರ್ತಿ. ಸಂಜೆ ರಮಾನಾಥ ಸ್ವತಃ ಬಂದರು.

"ನನ್ನ ಅಳಿಯನಿಗೆ ಹೆಣ್ಣು ಉಂಟು ಅಂತ ಕಾಗದ ಬಂದಿದೆ ಮಾರಾಯ್ರೆ. ಅವನ ಹೆಂಡತಿಗೆ ಮೊನ್ನೆ ಸೀಮಂತ ಆಗಿದೆ. ಒಂದು ಸಲ ಪೆಟ್ಟಿಗೆ ತೆಗೆದು ನೋಡಿ, ಎಂತದೋ ಹೆಚ್ಚುಕಮ್ಮಿ ಆಗಿದೆ."

"ಶೆಟ್ಟರೇ, ಇಮೇಜಿನಲ್ಲಿ ಹೆಚ್ಚುಕಮ್ಮಿ ಆಗೋದಿಲ್ಲ," ಎಂದು ಸತ್ಯಮೂರ್ತಿ ಮುಖ ಗಂಟಿಕ್ಕಿದರು. ಪೂಜೆಯ ದಿನದ ಬಾಳೆ ಎಲೆ ಕಣ್ಣ ಮುಂದೆ ಬಂತು. ಯಂತ್ರ ತೆರೆದು ನೋಡಿದರೆ ಸಾಕಿತ್ತು. ಆದರೆ ನೋಡಿದರೆ ಗೊತ್ತಾಗಿಬಿಡುತ್ತಿತ್ತಲ್ಲ! ಶಾಲು ಹೊದ್ದು ಇನ್ನೂ ಒಂದು ವಾರವಾಗಿರಲಿಲ್ಲ. ಭಾನುವಾರ ಮನೆಗೆ ಪಾಟ್ಕರ್ ಬಾಯಿ ಬರುವುದಿದೆ, ಆಮೇಲೆ ನೋಡೋಣ ಎಂದು ಬೀಗ ಹಾಕಿ ಬಂದರು.

ಭಾನುವಾರ ಬಂತು. ಸಾಖರಪುಡಾ, ಅಂದರೆ ಮರಾಠಿಯವರ ನಿಶ್ಚಿತಾರ್ಥ, ಯಾವತ್ತು ಎಂದು ಗೊತ್ತುಮಾಡುವುದಕ್ಕೆ ಪಾಟ್ಕರ್ ಬಾಯಿ ಮಿಲಿಂದನೊಂದಿಗೆ ಬಂದರು. ನೆಟ್ಟಗೆ ಕೂರುವ, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಪುಟ್ಟಲಕ್ಷ್ಮಿ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟಳು. ಮಾತು ಸಲೀಸಾಗಿ ಸಾಗಿತ್ತು. ವಿನೋದಿನಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಮಿಲಿಂದನ ಕಡೆ ನೋಡಿಯೂ ನೋಡದ ಹಾಗೆ ನಗುತ್ತಿದ್ದಳು.

ಬೆಲ್ ಹೊಡೆಯಿತು.

ಬಾಗಿಲಲ್ಲಿ ಐದಾರು ಜನ. ಮುಂದೆ ಒಬ್ಬ ಹಿರಿಯರು, ಹಿಂದೆ ರೇಷ್ಮೆ ಸೀರೆಯ ಹೆಂಗಸರು, ನಡುವೆ ಟೈ ಕಟ್ಟಿದ ಒಬ್ಬ ಹುಡುಗ. ಕೈಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಮಲ್ಲಿಗೆ ಹೂವಿನ ಪೊಟ್ಟಣ.

"ಡೊಂಬಿವಲಿಯಿಂದ ಬಂದ್ವಿ. ಮಳೆಗೆ ನಿಮ್ಮ ಫೋನೇ ಹತ್ತಲಿಲ್ಲ ನೋಡಿ. ಇವತ್ತು ದಿನ ಚೆನ್ನಾಗಿತ್ತು, ಸಮಾಜದ ಕಾಗದ ಕೈಯಲ್ಲಿತ್ತು, ಹೊರಟುಬಿಟ್ವಿ. ಇವನೇ ನಮ್ಮ ಹುಡುಗ. ಎಲ್ಲಿ, ಮಗಳು ವಿನೋದಿನಿ?"

ಕಾಗದ, ಹೆಸರು, ಹುಡುಗ, ತೆಂಗಿನಕಾಯಿ: ಇದನ್ನು ತಿಳಿಯಲು ಪಾಟ್ಕರ್ ಬಾಯಿಗೆ ಕನ್ನಡ ಬರಬೇಕಾಗಿರಲಿಲ್ಲ. ಅವರು ಕೈ ಚಾಚಿದರು. ಡೊಂಬಿವಲಿಯ ಹಿರಿಯರು, ಪಾಪ, ಹುಡುಗಿಯ ಸೋದರತ್ತೆ ಇರಬೇಕೆಂದು ಭಾವಿಸಿ ವಿನಯದಿಂದ ಕಾಗದ ಕೊಟ್ಟರು. ಕಾಗದ ಇಂಗ್ಲಿಷಿನಲ್ಲಿತ್ತು. ಹೆಡ್‌ಮಿಸ್ಟ್ರೆಸ್ ಮೇಲಿನಿಂದ ಕೆಳಗಿನವರೆಗೆ ಓದಿದರು.

"ತಾರೀಖು ಹೋದ ವಾರದ್ದು," ಎಂದರು ಹಿಂದಿಯಲ್ಲಿ. "ಸಹಿ ಯಾರದು?"

"ಅದು... ಕಂಪ್ಯೂಟರ್ ಮಿಸ್ಟೇಕ್ ಮೇಡಂ," ಎಂದರು ಸತ್ಯಮೂರ್ತಿ.

"ನಿಮ್ಮ ಕಂಪ್ಯೂಟರಿಗೆ ಸಹಿ ಹಾಕುವುದಕ್ಕೂ ಬರುತ್ತದೆಯೇ?" ಅವರು ಕಾಗದವನ್ನು ಮಡಿಸಿ ಟೀಪಾಯಿಯ ಮೇಲಿಟ್ಟು, ಚೀಲ ಎತ್ತಿಕೊಂಡು ಎದ್ದರು. "ಮಿಲಿಂದ, ಚಲ್."

ಮಿಲಿಂದ ಏಳಲೂ ಇಲ್ಲ, ಕೂರಲೂ ಇಲ್ಲ, ನಡುವೆ ನಿಂತ. ವಿನೋದಿನಿ ಅಪ್ಪನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನನ್ನೆದುರೇ ತೆಗೆದಿರಲ್ಲ, ಆಮೇಲೆ ಮತ್ತೆ ಹಾಕಿದಿರಾ ಎಂದು ಕೇಳುತ್ತಿತ್ತು ಆ ಮುಖ. ಹುಟ್ಟಿದಾಗಿನಿಂದ ಅವಳು ಅವರನ್ನು ಹಾಗೆ ನೋಡಿರಲಿಲ್ಲ.

ಅಷ್ಟರಲ್ಲಿ ತೆರೆದಿದ್ದ ಬಾಗಿಲಿನಿಂದ ಇನ್ನೊಬ್ಬರು ನುಗ್ಗಿದರು. ಶಾಮಣ್ಣನವರು. ಒದ್ದೆ ಕೊಡೆ, ಕೈಯಲ್ಲಿ ಅಂಥದೇ ಕಾಗದ, ಮುಖ ಕೆಂಡ.

"ಏನ್ರೀ ಸತ್ಯಮೂರ್ತಿ, ನನ್ನ ಮನೆ ಹಾಳು ಮಾಡೋಕೆ ನಿಂತಿದೀರಾ? ನನ್ನ ಮಗನಿಗೆ ಡಿಸೆಂಬರಿನಲ್ಲಿ ಮದುವೆ ಆಗಿದೆ! ಅವನಿಗೆ ಮೂರು ಕನ್ಯೆಯರಿದಾರೆ, ಆರಿಸಿಕೊಳ್ಳಿ ಅಂತ ಕಾಗದ! ಲಕೋಟೆ ಒಡೆದವಳು ಯಾರು? ನನ್ನ ಸೊಸೆ ಶಾಮಲಾ! ಈಗ ಆರು ತಿಂಗಳು ಅವಳಿಗೆ. ಸೂಟ್‌ಕೇಸ್ ಹಿಡಿದು ತವರುಮನೆಗೆ ಹೊರಟು ಬಾಗಿಲಲ್ಲಿ ಕೂತಿದಾಳೆ!"

ಕೋಣೆಯಲ್ಲಿ ಅಷ್ಟೊಂದು ಜನರನ್ನು ಕಂಡು ಅಧ್ಯಕ್ಷರ ಸ್ವರ ಇಳಿಯಿತು. ಸಮಾಜದ ಮಾನ ಎಂಬುದೊಂದು ಇದೆಯಲ್ಲ. ಸತ್ಯಮೂರ್ತಿಯ ಕಿವಿಯ ಬಳಿ ಬಗ್ಗಿ ಅವರೇ ದಾರಿಯನ್ನೂ ತೋರಿಸಿದರು. "ಆ ಮುರಿಗೆಪ್ಪ ಕೊಟ್ಟ ಮಾಲೇ ಸರಿ ಇಲ್ಲ ಅಲ್ವೇ? ಹಾಗಂತ ಹೇಳಿಬಿಡಿ. ನೀವೂ ಉಳೀತೀರಿ, ನಾನೂ ಉಳೀತೀನಿ."

ಎಂಥ ಸುಲಭದ ದಾರಿ! ಮುರಿಗೆಪ್ಪ ಲ್ಯಾಮಿಂಗ್ಟನ್ ರೋಡಿನಲ್ಲಿದ್ದ, ಶಾಲು ಷೋಕೇಸಿನಲ್ಲಿತ್ತು. ಸತ್ಯಮೂರ್ತಿ ಬಾಯಿ ತೆರೆದರು. ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದ ಪಾಟ್ಕರ್ ಬಾಯಿಯನ್ನು ನೋಡಿದರು. ಮಾಲು ಕೆಟ್ಟದ್ದು ಎಂದರೆ ಆ ಹೆಂಗಸು ನಂಬುವುದಿಲ್ಲ. ಒಮ್ಮೆ ಅಳಿಸಿದ ಹೆಸರನ್ನು ಕೆಟ್ಟ ಮಾಲು ತಪ್ಪಿಲ್ಲದೆ ನಕ್ಷತ್ರದ ಸಮೇತ ಮತ್ತೆ ಬರೆಯುವುದಿಲ್ಲ. ನಿಜವೊಂದೇ ಆ ಚಪ್ಪಲಿಯನ್ನು ಬಿಚ್ಚಿಸಬಹುದಾಗಿತ್ತು. ಅದನ್ನು ಅಧ್ಯಕ್ಷರ ಮುಂದೆ, ಡೊಂಬಿವಲಿಯವರ ಮುಂದೆ, ಹೆಂಡತಿಯ ಮುಂದೆ ಹೇಳಬೇಕಾಗಿತ್ತು.

"ಮಾಲು ಸರಿಯಾಗಿದೆ," ಎಂದರು. "ನಾನು ಸರಿಯಿಲ್ಲ. ಆ ಇಮೇಜ್ ಆಯುಧಪೂಜೆಯ ಹಿಂದಿನ ದಿನದ್ದು. ಆಮೇಲೆ ನಾನು ಇನ್ನೊಂದು ತೆಗೆಯಲೇ ಇಲ್ಲ. ಡಿಸ್ಕು ಸತ್ತಾಗ ಅದನ್ನೇ ಹಾಕಿದೆ, ಎಲ್ಲ ಆ ದಿನ ಹೇಗಿತ್ತೋ ಹಾಗೆ ಎದ್ದು ಬಂತು. ಆ ದಿನ ಇವಳ ಹೆಸರು ಇತ್ತು. ಇವರ ಮಗ ಬ್ರಹ್ಮಚಾರಿ ಇದ್ದ. ಫೋನು ಬಂದಾಗಲೇ ನನಗೆ ಅನುಮಾನ ಬಂದಿತ್ತು. ತೆಗೆದು ನೋಡಲಿಲ್ಲ, ಮರ್ಯಾದೆ ಹೋಗುತ್ತೆ ಅಂತ." ಇದನ್ನೇ ಮತ್ತೆ ಒಡಕು ಹಿಂದಿಯಲ್ಲಿ ಹೇಳಿದರು. ಒಂದು ಭಾಷೆಯಲ್ಲಿ ಮಾನ ಕಳೆದುಕೊಂಡರೆ ಸಾಲದೆಂಬಂತೆ.

"ಒಂದು ಚುಕ್ಕಿಯೂ ಹೋಗಿಲ್ಲ ಅಂತ ನನ್ನ ಕೈಲಿ ಮೈಕಿನಲ್ಲಿ ಕೂಗಿಸಿದ್ರಲ್ರೀ!" ಎಂದರು ಶಾಮಣ್ಣ.

"ಹೋಗಿರಲಿಲ್ಲ ಸಾರ್. ಅದೇ ತೊಂದರೆ."

ಪಾಟ್ಕರ್ ಬಾಯಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ನಿಂತಿದ್ದರು. ತರಗತಿಯಲ್ಲಿ ಕೇಳುವಂತೆ ಶಾಮಣ್ಣನವರನ್ನು ಕೇಳಿದರು. "ನಿಮ್ಮ ಮಗನ ಮದುವೆ ಯಾವಾಗ?"

"ಡಿಸೆಂಬರ್," ಎಂದರು ಅಧ್ಯಕ್ಷರು, ತಮಗೇ ತಿಳಿಯದಂತೆ ನೆಟ್ಟಗೆ ನಿಂತು.

"ಈ ಯಂತ್ರಕ್ಕೆ ಅದು ಗೊತ್ತಿಲ್ಲ. ಅಂದರೆ ಅದು ಇನ್ನೂ ಡಿಸೆಂಬರಿಗಿಂತ ಹಿಂದೆ ಇದೆ. ಹುಡುಗಿಯ ಹೆಸರು ತೆಗೆದದ್ದು?"

"ಮಾರ್ಚ್ ಕಾಕೂ, ನನ್ನ ಮುಂದೇನೇ," ಎಂದಳು ವಿನೋದಿನಿ.

ಪಾಟ್ಕರ್ ಬಾಯಿ ಮನಸ್ಸಿನಲ್ಲೇ ಲೆಕ್ಕ ಕೂಡಿಸಿದರು. ಚಪ್ಪಲಿ ಬಿಟ್ಟರು. ಬಂದು ಮೊದಲಿದ್ದ ಕುರ್ಚಿಯಲ್ಲೇ ಕೂತರು.

"ಅಂದರೆ ನೀವು ಮೋಸಗಾರರಲ್ಲ," ಎಂದರು ಸತ್ಯಮೂರ್ತಿಗೆ. "ಬರೀ ಸೋಮಾರಿ."

"ಹೌದು ಮೇಡಂ," ಎಂದರು ಸತ್ಯಮೂರ್ತಿ. ಇಷ್ಟು ವರ್ಷಗಳಲ್ಲಿ ಅವರಿಗೆ ಸಿಕ್ಕ ಬಿರುದುಗಳಲ್ಲಿ ಇದೊಂದನ್ನು ಮಾತ್ರ ಅವರು ಪೂರ್ತಿ ಮನಸ್ಸಿನಿಂದ ಸ್ವೀಕರಿಸಿದರು.

"ಸೋಮಾರಿ ಬೀಗರಾದರೆ ನಡೆಯುತ್ತದೆ. ಆದರೆ ದಿನ ನೋಡುತ್ತ ಕೂರುವುದು ಬೇಡ. ನೀವು ಇನ್ನೇನನ್ನಾದರೂ ಎಬ್ಬಿಸುವುದರೊಳಗೆ ಈಗಲೇ, ಇಲ್ಲೇ ಸಾಖರಪುಡಾ ಮುಗಿಸಿಬಿಡೋಣ. ಸಕ್ಕರೆ ಇದೆಯೇ ಮನೆಯಲ್ಲಿ?"

ಪುಟ್ಟಲಕ್ಷ್ಮಿ ಸಕ್ಕರೆ ಡಬ್ಬಿಯನ್ನೇ ಎತ್ತಿ ತಂದಳು. ತೆಂಗಿನಕಾಯಿ, ಹೂವು, ಹಣ್ಣು? ಡೊಂಬಿವಲಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ಹುಡುಗನ ತಾಯಿ ನಿಟ್ಟುಸಿರು ಬಿಟ್ಟು, "ಶುಭಕಾರ್ಯಕ್ಕೆ ಅಂತ ತಂದದ್ದನ್ನ ವಾಪಸ್ ಹೊತ್ಕೊಂಡು ಹೋಗೋಕಾಗುತ್ತಾ? ತಗೊಳ್ಳಿ," ಎಂದು ಮಲ್ಲಿಗೆಯನ್ನು ತಾವೇ ವಿನೋದಿನಿಗೆ ಮುಡಿಸಿದರು. ಟೈ ಕಟ್ಟಿದ ಹುಡುಗ ಯಾರನ್ನೂ ನೋಡದೆ ಕೇಸರಿಬಾತು ತಿನ್ನುತ್ತಿದ್ದ.

ಮದುಮಗನಿಗೆ ಹೊದಿಸಲು ವಸ್ತ್ರ ಬೇಕಲ್ಲ ಎಂದರು ಶಾಮಣ್ಣ, ಪದ್ಧತಿ ಬಿಡದವರು. ಪುಟ್ಟಲಕ್ಷ್ಮಿ ಷೋಕೇಸಿನ ಗಾಜು ಸರಿಸಿದಳು. ಜರಿ ಅಂಚಿನ ರೇಷ್ಮೆ ಶಾಲು ಮಿಲಿಂದನ ಹೆಗಲೇರಿತು. ಸತ್ಯಮೂರ್ತಿ ಅದನ್ನು ನೋಡುತ್ತ ನಿಂತರು. ನಗಲು ಹೋದರು, ಆಗಲಿಲ್ಲ.

ಎಲ್ಲರೂ ಹೋದಮೇಲೆ ವಿನೋದಿನಿ ಅಪ್ಪನ ಬಳಿ ಬಂದಳು. "ಅಪ್ಪ, ಡಿಸ್ಕ್ ವಾಪಸ್ ಬಂದ ದಿನ ನನ್ನ ನೇಮ್ ನಿಮಗೆ ಒಂದ್ ಸಲಾನೂ ಯಾದ್ ಬರಲಿಲ್ವಾ?" ಎಂದಳು. ಅವರು ಇಲ್ಲವೆಂದು ತಲೆಯಾಡಿಸಿದರು. ಅವಳು ಒಳಗೆ ಹೋದಳು. ಆ ದಿನದ ಮಾತುಗಳಲ್ಲೆಲ್ಲ ಅವರು ಹೆಚ್ಚು ನೊಂದದ್ದು ಇದಕ್ಕೇ.

ಮರುದಿನ ಸಂಜೆ ಕಚೇರಿ ಬಿಟ್ಟು ಅಪ್ಪ ಮಗಳು ಸಯನ್ನಿಗೆ ಹೋದರು. ಶಾಮಣ್ಣ ಮೊದಲೇ ಬಂದು ಕಾಯುತ್ತಿದ್ದರು. ಗಂಡನ ಹೆಸರು ಯಂತ್ರದಲ್ಲೂ ಫ್ಲಾ‌ಪಿಗಳಲ್ಲೂ ಇರುವತನಕ ಸೂಟ್‌ಕೇಸ್ ಬಿಚ್ಚುವುದಿಲ್ಲವೆಂದು ಶಾಮಲಾ ಹಟ ಹಿಡಿದಿದ್ದಳು. ಪೂಜೆಯಾದದ್ದನ್ನು ಅಳಿಸಬಾರದು ಎಂದಿದ್ದ ಅಧ್ಯಕ್ಷರು ಈಗ ಗಣಪತಿಗೆ ಕೈಮುಗಿದು, ಕಣ್ಣು ಮುಚ್ಚಿಕೊಂಡೇ ಫ್ಲಾಪಿಗಳ ಕಟ್ಟನ್ನು ಎಳೆದು ಕೊಟ್ಟರು. "ಬೇಗ ಅಳಿಸ್ರೀ," ಎಂದರು.

ಅವರ ಮಗನ ಹೆಸರು ಹೋಯಿತು. ಆಮೇಲೆ ಸತ್ಯಮೂರ್ತಿ ಮಗಳ ಹೆಸರನ್ನು ಪರದೆಗೆ ತಂದರು. ಎರಡು ವರ್ಷದ ಹಿಂದೆ ತಾವೇ ಒಂದೇ ಬೆರಳಿನಲ್ಲಿ ಕುಟ್ಟಿದ್ದು. ವಿನೋದಿನಿ ಬಗ್ಗಿ ಓದಿದಳು.

"ನೇಚರ್: ಸಾಫ್ಟ್, ಒಬೀಡಿಯೆಂಟ್. ಯೇ ಕೌನ್ ಹೈ ಅಪ್ಪ, ಯಾರಿವಳು? ಹಾಬೀಸ್: ಟೈಲರಿಂಗ್. ನನಗೆ ಗುಂಡಿ ಹೊಲಿಯೋಕೂ ಬರಲ್ಲ!" ಅವಳು ನಗತೊಡಗಿದಳು.

ಸತ್ಯಮೂರ್ತಿ ಹೆಸರು ತೆಗೆದರು. ಇಮೇಜಿನ ಪ್ರೋಗ್ರಾಂ ಶುರುಮಾಡಿ, ಕುಂಕುಮ ಮಾಸಿದ ಮೊದಲ ಫ್ಲಾಪಿಯನ್ನು ತುರುಕಿದರು. ಇದರಲ್ಲಿ ಮೊದಲು ಇದ್ದುದೆಲ್ಲ ಅಳಿದುಹೋಗುತ್ತದೆ, ಸರಿಯೇ ಎಂದು ಯಂತ್ರ ಕೇಳಿತು. ಎಲ್ಲ ಸಲವೂ ಕೇಳುತ್ತಿತ್ತು. ಅವರ ಬೆರಳು ಗುಂಡಿಯ ಮೇಲೆ ನಿಂತಿತು. ಮಾತು ಕೊಡುವಾಗ, ಸಕ್ಕರೆ ಹಂಚುವಾಗ ಹೊಳೆಯದೆ ಇದ್ದದ್ದು ಈಗ ಹೊಳೆಯಿತು. ಮದುವೆ ಗೊತ್ತಾಗದ, ಅಪ್ಪನ ಮನೆಯವಳೇ ಆಗಿದ್ದ ವಿನೋದಿನಿ ಇನ್ನು ಈ ಲೋಕದಲ್ಲಿ ಉಳಿದಿದ್ದುದು ಆ ಫ್ಲಾಪಿಗಳಲ್ಲಿ ಮಾತ್ರ.

"ಅಪ್ಪ, ಒತ್ತಿ," ಎಂದಳು ಅವಳು ಮೆಲ್ಲಗೆ, ಮುಂದಿನ ಫ್ಲಾಪಿ ಕೈಯಲ್ಲಿ ಹಿಡಿದು. "ನಾನು ಒಂದೊಂದಾಗಿ ಕೊಡ್ತೀನಿ."

ಅವರು ಒತ್ತಿದರು.